ಒಂದೇ ಜಮೀನಿಗೆ ನಾಲ್ಕು ಹಕ್ಕುಪತ್ರ: 18ನೇ ಶತಮಾನದ ಅಮೆರಿಕದಲ್ಲಿ ಭೂ ವ್ಯವಹಾರ ಇಷ್ಟು ಸಿಕ್ಕಾದದ್ದು ಹೇಗೆ?

ತುಂಗಾತೀರ

ಕೆಂಟಕಿಯ ಹಳೆಯ ಭೂ ವ್ಯಾಜ್ಯಗಳ ಬಗ್ಗೆ ಎಲ್ಲಿ ಓದಿದರೂ ಈ ಸಂಗತಿ ಬರುತ್ತದೆ: ಒಂದೇ ಜಮೀನಿಗೆ ಮೂವರು, ನಾಲ್ವರು ಹಕ್ಕುಪತ್ರ ಹಿಡಿದು ಕೋರ್ಟಿಗೆ ಬಂದರು. ಪತ್ರಗಳು ಖೊಟ್ಟಿಯಲ್ಲ, ಎಲ್ಲವೂ ಸರ್ಕಾರವೇ ಕೊಟ್ಟವು. ಒಂದೇ ಕಚೇರಿ ಒಂದೇ ಜಾಗವನ್ನು ಹಲವರಿಗೆ ಕೊಡಲು ಹೇಗೆ ಸಾಧ್ಯ? ಲಂಚವೋ, ಅಜಾಗರೂಕತೆಯೋ, ಪದ್ಧತಿಯಲ್ಲೇ ತೊಡಕಿತ್ತೋ? ಗೊತ್ತಿರುವವರು ಹಂತ ಹಂತವಾಗಿ ಬಿಡಿಸಿ ಹೇಳಿ.

ಚೆಕ್ಕುಬಂದಿ

ಪದ್ಧತಿಯಲ್ಲೇ ತೊಡಕು. ನಮ್ಮಲ್ಲಿ ಜಮೀನು ಅಳೆದು ಸರ್ವೆ ನಂಬರು ಬಿದ್ದ ಮೇಲೆ ಮಂಜೂರಾತಿಯ ಮಾತು. 1779ರ ವರ್ಜೀನಿಯಾ ಭೂ ಕಾಯಿದೆಯಲ್ಲಿ ಇದು ತಿರುಗುಮುರುಗು. (ಆಗ ಕೆಂಟಕಿ ವರ್ಜೀನಿಯಾದ ಪಶ್ಚಿಮ ಭಾಗ; ಬೇರೆ ರಾಜ್ಯವಾದದ್ದು 1792ರ ಜೂನ್ 1ಕ್ಕೆ.) ಮೊದಲು ಎಕರೆ ಮಾರಿದರು. ಆ ಎಕರೆ ಎಲ್ಲಿದೆ ಅಂತ ಹುಡುಕಿಕೊಳ್ಳುವ ಕೆಲಸವನ್ನು ಕೊಂಡವನಿಗೇ ಬಿಟ್ಟರು.

ಮೊದಲ ಕಾಗದ ವಾರಂಟ್. ಖಜಾನೆಗೆ 100 ಎಕರೆಗೆ 40 ಪೌಂಡ್ ಕಟ್ಟಿದರೆ ಸಿಗುತ್ತಿತ್ತು. ಅದೂ ಕಾಗದದ ಹಣ; ಯುದ್ಧಕಾಲದಲ್ಲಿ ಅದರ ಬೆಲೆ ಪಾತಾಳಕ್ಕಿಳಿದಿದ್ದರಿಂದ ನಿಜವಾದ ಖರ್ಚು ಬಹಳ ಕಡಿಮೆ. ಒಬ್ಬ ಎಷ್ಟು ಎಕರೆಗೆ ಕೊಳ್ಳಬಹುದು ಅನ್ನುವುದಕ್ಕೆ ಮಿತಿಯೇ ಇರಲಿಲ್ಲ. ವಾರಂಟಿನಲ್ಲಿ ಊರಿಲ್ಲ, ಹಳ್ಳವಿಲ್ಲ, ಗಡಿಯಿಲ್ಲ. ಇಷ್ಟು ಎಕರೆ ಅಂತ ಮಾತ್ರ. ಇದರ ಜೊತೆಗೆ ಸೈನಿಕರ ವಾರಂಟ್ ಬೇರೆ. 1778ರ ಜನವರಿ 1ಕ್ಕೆ ಮುಂಚೆ ಹೋಗಿ ನೆಲೆಸಿದವರಿಗೆ 400 ಎಕರೆಯ ಪ್ರಮಾಣಪತ್ರ, ಅದಕ್ಕೆ ತಾಗಿದ 1,000 ಎಕರೆಯನ್ನು ಸರ್ಕಾರಿ ದರದಲ್ಲಿ ಮೊದಲು ಕೊಳ್ಳುವ ಹಕ್ಕು ಬೇರೆ.

ಎರಡನೆಯದು ಎಂಟ್ರಿ. ವಾರಂಟ್ ಹಿಡಿದು ಕೌಂಟಿಯ ಸರ್ವೇಯರ್ ಹತ್ತಿರ ಹೋಗಿ ನನಗೆ ಇಂಥ ಜಾಗ ಬೇಕು ಅಂತ ಪುಸ್ತಕದಲ್ಲಿ ಬರೆಸಬೇಕು. 1780ರಲ್ಲಿ ಇಡೀ ಕೆಂಟಕಿಗೆ ಜೆಫರ್ಸನ್, ಫೆಯೆಟ್, ಲಿಂಕನ್ ಅಂತ ಮೂರೇ ಕೌಂಟಿ. ಮೂರನೆಯದು ಸರ್ವೆ. ನಾಲ್ಕನೆಯದು ನಕ್ಷೆಯನ್ನೂ ಸರ್ವೇಯರ್ ಪ್ರಮಾಣಪತ್ರವನ್ನೂ ಬೆಟ್ಟಗಳಾಚೆಯ ಭೂ ಕಚೇರಿಗೆ ಮುಟ್ಟಿಸುವುದು. ಯಾರಾದರೂ ತಕರಾರು ಹಾಕುವುದಿದ್ದರೆ ಆಗಲೇ ಹಾಕಬೇಕು. ಕೊನೆಗೆ ಗವರ್ನರ್ ಸಹಿಯ ಪೇಟೆಂಟ್, ಅಂದರೆ ಅಂತಿಮ ಹಕ್ಕುಪತ್ರ.

ಈ ಐದು ಹಂತಗಳಲ್ಲಿ ಒಂದರಲ್ಲೂ ಈ ಜಾಗ ಈಗಾಗಲೇ ಯಾರಿಗಾದರೂ ಹೋಗಿದೆಯಾ ಅಂತ ಒಂದು ಸಮಗ್ರ ನಕ್ಷೆಯ ಮೇಲಿಟ್ಟು ನೋಡುವ ಏರ್ಪಾಡು ಇರಲಿಲ್ಲ. ಅಂಥ ನಕ್ಷೆಯೇ ಇರಲಿಲ್ಲವಲ್ಲ. ಅದಕ್ಕೇ ಹಕ್ಕುಗಳು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬಿದ್ದವು.

ತುಂಗಾತೀರ

ಎಂಟ್ರಿಯಲ್ಲಿ ಜಾಗದ ವಿವರ ಬರೆಸಬೇಕಿತ್ತು ತಾನೆ? ಚೆಕ್ಕುಬಂದಿ ಸರಿಯಾಗಿದ್ದರೆ ಎರಡನೆಯವನಿಗೆ ಗೊತ್ತಾಗಬೇಕಿತ್ತಲ್ಲ?

ಚೆಕ್ಕುಬಂದಿ

ಕಾಯಿದೆ ಬಯಸಿದ್ದೂ ಅದನ್ನೇ. ಮುಂದೆ ಬರುವವನು ಪಕ್ಕದಲ್ಲಿ ಉಳಿದ ಜಾಗವನ್ನು ಖಚಿತವಾಗಿ ಗುರುತಿಸಿಕೊಳ್ಳುವಷ್ಟು ಸ್ಪಷ್ಟವಾಗಿ ಎಂಟ್ರಿ ಇರಬೇಕು ಅಂತ ನಿಯಮ. ಆದರೆ ಪುಸ್ತಕದಲ್ಲಿ ಬೀಳುತ್ತಿದ್ದ ಬರಹದ ಧಾಟಿ ಹೀಗಿರುತ್ತಿತ್ತು: ಇಂಥ ಹೊಳೆಗೆ ಎಡದಿಂದ ಸೇರುವ ಹಳ್ಳದ ಮೇಲೆ, ಬಾಯಿಂದ ಸುಮಾರು ಎರಡು ಮೈಲಿ ಮೇಲಕ್ಕೆ, ಕಾಡೆಮ್ಮೆ ದಾರಿ ದಾಟುವಲ್ಲಿ, ಹೆಸರಿನ ಮೊದಲಕ್ಷರ ಕೆತ್ತಿದ ಮರದಿಂದ ಶುರುವಾಗಿ ಪೂರ್ವಕ್ಕೂ ದಕ್ಷಿಣಕ್ಕೂ 1,000 ಎಕರೆ.

ಇದರಲ್ಲಿ ಎಷ್ಟು ತೂತುಗಳಿವೆ ನೋಡಿ. ಎರಡು ಮೈಲಿಯನ್ನು ಹಳ್ಳದ ಅಂಕುಡೊಂಕಿನ ಜೊತೆಗೇ ಅಳೆಯಬೇಕೋ, ನೇರವಾಗಿಯೋ? ಒಂದೇ ಹಳ್ಳಕ್ಕೆ ಇಬ್ಬರು ಬೇಟೆಗಾರರು ಎರಡು ಹೆಸರಿಟ್ಟಿದ್ದರೆ? ಕಾಡೆಮ್ಮೆ ದಾರಿ ಒಂದಲ್ಲ, ಉಪ್ಪಿನ ಜೌಗಿನ ಸುತ್ತ ಹತ್ತಾರು. ಕೆತ್ತಿದ ಮರ ಕೆತ್ತಿದವನಿಗೆ ಮಾತ್ರ ಗೊತ್ತು.

ಮುಂದೆ ಕೆಂಟಕಿಯ ನ್ಯಾಯಾಲಯಗಳು ಇದಕ್ಕೊಂದು ಅಳತೆಗೋಲು ಕಟ್ಟಿದವು. ಎಂಟ್ರಿ ಬರೆಸಿದ ದಿನಕ್ಕೆ ಅದರಲ್ಲಿ ಹೆಸರಿಸಿದ ಗುರುತು ಆ ಸೀಮೆಯ ಜನಕ್ಕೆ ಸಾಮಾನ್ಯವಾಗಿ ಗೊತ್ತಿತ್ತೇ? ಇಲ್ಲವಾದರೆ, ಸಾಮಾನ್ಯ ಎಚ್ಚರದಿಂದ ಹುಡುಕಿದವನಿಗೆ ಆ ವಿವರಣೆ ಹಿಡಿದು ಸಿಗುತ್ತಿತ್ತೇ? ಎರಡೂ ಇಲ್ಲವೆಂದರೆ ಎಂಟ್ರಿ ಬಿತ್ತು. ಹೀಗಾಗಿ ಮೂವತ್ತು ವರ್ಷ ಕಳೆದ ಮೇಲೆ ಮುದುಕ ಬೇಟೆಗಾರರನ್ನು ಕರೆಸಿ, 1780ರಲ್ಲಿ ಆ ಹಳ್ಳವನ್ನು ಏನಂತ ಕರೆಯುತ್ತಿದ್ದಿರಿ ಅಂತ ಕೇಳಿ ಹೇಳಿಕೆ ಬರೆಸಿಕೊಳ್ಳುವ ಪಾಡು ಬಂತು.

ಆಕಾರ ಬರೆಸದಿದ್ದವರಿಗೂ ಕೋರ್ಟು ದಾರಿ ಮಾಡಿತು. ನೆಲೆಸಿದವನ 400 ಎಕರೆಯಾದರೆ ಅವನ ಗುಡಿಸಲನ್ನು ನಡುವಿಗಿಟ್ಟು, ನಾಲ್ಕು ದಿಕ್ಕಿಗೆ ಸರಿಯಾಗಿ ಚೌಕ ಹಾಕಬೇಕು. ಬದಿ ಸುಮಾರು 253 ಪೋಲ್. ಗುಡಿಸಲಿನ ಬೂದಿಯ ಗುರುತು ಐವತ್ತು ಗಜ ಆಚೆ ಸಿಕ್ಕಿದರೂ ಇಡೀ ಚೌಕವೇ ಸರಿಯಿತು ಅಂದುಕೊಳ್ಳಿ.

ಕೊಂಡಿಸರಪಳಿ

ಪೋಲ್ ಅಂದರೆ 16.5 ಅಡಿ. ಸರ್ವೆಯ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ತಪ್ಪಿನ ಅರ್ಧ ಪಾಲು ಪುಸ್ತಕದಲ್ಲಲ್ಲ, ಕಾಡಿನಲ್ಲಿ ಆದದ್ದು.

ಗಂಟರ್ ಸರಪಳಿ 66 ಅಡಿ, 100 ಕೊಂಡಿ. 10 ಚದರ ಸರಪಳಿಗೆ 1 ಎಕರೆ. ಆದರೆ ದಟ್ಟ ಕಾಡಿನಲ್ಲಿ 66 ಅಡಿ ಎಳೆದಾಡುವುದು ಕಷ್ಟ ಅಂತ ಅದರ ಅರ್ಧ, 33 ಅಡಿ, 50 ಕೊಂಡಿಯ ಎರಡು ಪೋಲ್ ಸರಪಳಿ ಹೆಚ್ಚು ಬಳಕೆಯಲ್ಲಿತ್ತು. 33 ಅಡಿ ಚೌಕ ಅಂದರೆ ಸರಿಯಾಗಿ ನಮ್ಮ 1 ಗುಂಟೆ, ಹಾಗಾಗಿ ಈ ಲೆಕ್ಕ ನಮಗೆ ಸುಲಭ. ಪತ್ರಗಳಲ್ಲಿ ಉದ್ದವನ್ನು ಪೋಲ್‌ನಲ್ಲೇ ಬರೆಯುತ್ತಿದ್ದರು. 160 ಚದರ ಪೋಲ್‌ಗೆ 1 ಎಕರೆ. 1,000 ಎಕರೆಯ ಚೌಕದ ಬದಿ 400 ಪೋಲ್, ಅಂದರೆ 6,600 ಅಡಿ, ಒಂದೂಕಾಲು ಮೈಲಿ.

ತಂಡದಲ್ಲಿ ದಿಕ್ಸೂಚಿ ಹಿಡಿದ ಸರ್ವೇಯರ್, ಸರಪಳಿ ಹಿಡಿಯುವ ಇಬ್ಬರು, ಕೊಡಲಿ ಹಿಡಿದು ಮರಕ್ಕೆ ಗುರುತು ಹಾಕುವವನೊಬ್ಬ. ಸರಪಳಿಯವರಿಗೆ ಪ್ರಮಾಣವಚನ ಇತ್ತು. ಆದರೆ ಸರಪಳಿಗೆ ಪ್ರಮಾಣವಚನ ಹಾಕಿಸಲು ಆಗುವುದಿಲ್ಲ. ಕೊಂಡಿ, ಬಳೆ ಎಲ್ಲ ಕಬ್ಬಿಣದ ತಂತಿ; ಉಜ್ಜಿ ಉಜ್ಜಿ ಸವೆಯುತ್ತವೆ, ಬೇರಿಗೆ ಸಿಕ್ಕಿ ಎಳೆದಾಗ ಬಳೆ ಬಾಯಿಬಿಡುತ್ತದೆ. 33 ಅಡಿಯಲ್ಲಿ 4 ಅಂಗುಲ ಹಿಗ್ಗಿದರೆ ಉದ್ದದಲ್ಲಿ ನೂರಕ್ಕೆ ಒಂದು, ಕ್ಷೇತ್ರದಲ್ಲಿ ನೂರಕ್ಕೆ ಎರಡು ತಪ್ಪು. ಕಾಗದದ 1,000 ಎಕರೆ ನೆಲದ ಮೇಲೆ 1,020 ಎಕರೆ ಆಗುತ್ತದೆ.

ಇಳಿಜಾರಿನಲ್ಲಿ ತಪ್ಪು ಎದುರು ದಿಕ್ಕಿಗೆ. ಸರಪಳಿಯನ್ನು ಮಟ್ಟವಾಗಿ ಹಿಡಿದು, ತೂಕದ ಗುಂಡು ಬಿಟ್ಟು, ತುಂಡು ತುಂಡಾಗಿ ಅಳೆಯಬೇಕು. ಅವಸರದಲ್ಲಿ ನೆಲದ ಮೇಲೇ ಎಳೆದುಬಿಟ್ಟರೆ 15 ಡಿಗ್ರಿ ಇಳಿಜಾರಿನಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಕಡಿಮೆ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾಟ ದಿಕ್ಸೂಚಿಯದು. ಮುಳ್ಳು ತೋರಿಸುವುದು ಕಾಂತೀಯ ಉತ್ತರ, ಅದು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. 1783ರಲ್ಲಿ ಉತ್ತರಕ್ಕೆ 40 ಡಿಗ್ರಿ ಪೂರ್ವ ಅಂತ ಬರೆದ ಗೆರೆಯನ್ನು ಒಂದೆರಡು ತಲೆಮಾರು ಕಳೆದ ಮೇಲೆ ಅದೇ ಅಂಕೆ ಹಿಡಿದು ನಡೆದರೆ ಬೇರೆಯವರ ಹೊಲಕ್ಕೆ ಹೋಗುತ್ತೀರಿ. 6,600 ಅಡಿಯ ಬದಿಗೆ 1 ಡಿಗ್ರಿ ತಪ್ಪಿದರೆ ತುದಿಯಲ್ಲಿ 115 ಅಡಿ.

ಇನ್ನು ಕಾಡಿಗೆ ಹೋಗದೆಯೇ ಕೋಣೆಯಲ್ಲಿ ಕೂತು ನಕ್ಷೆ ಬರೆದವರೂ ಇದ್ದರು. ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ ಕೋಣೆ ಸರ್ವೆ ಅಂತಲೇ ಹೆಸರು. ಒಂದು ಮೂಲೆಯ ಮರ ಮಾತ್ರ ನಿಜ, ಉಳಿದ ಗೆರೆಗಳು ಕಾಗದದ್ದೇ. ಹೊಲದಲ್ಲಿ ಕೊಡಲಿ ಗುರುತಿನ ಮರವೇ ಸಿಗದಿದ್ದರೆ ಮೊದಲ ಅನುಮಾನ ಅದೇ.

ಮಸೂದೆಓದುಗ

ಕೋಣೆ ಸರ್ವೆಯ ಪರಾಕಾಷ್ಠೆ ಜಾರ್ಜಿಯಾದ ಪೈನ್ ಬಯಲು. ಒಬ್ಬರಿಗೆ 1,000 ಎಕರೆಗಿಂತ ಹೆಚ್ಚು ಕೊಡಬಾರದು ಅಂತ ಕಾನೂನಿದ್ದರೂ, 1790ರ ದಶಕದ ನಡುವಿನ ಹೊತ್ತಿಗೆ ಸುಮಾರು 87 ಲಕ್ಷ ಎಕರೆ ಇದ್ದ 24 ಕೌಂಟಿಗಳಲ್ಲಿ 2 ಕೋಟಿ 90 ಲಕ್ಷ ಎಕರೆಗೂ ಹೆಚ್ಚು ಮಂಜೂರಾಗಿತ್ತು. ಮಾಂಟ್ಗೊಮರಿ ಕೌಂಟಿ ಒಂದರಲ್ಲೇ 4 ಲಕ್ಷ ಎಕರೆ ನೆಲಕ್ಕೆ 74 ಲಕ್ಷ ಎಕರೆಯ ಪತ್ರ. ಬರೀ ಮರಳು, ಪೈನ್ ಮರ ಇದ್ದ ಕಡೆ ನಕ್ಷೆಯಲ್ಲಿ ಇಲ್ಲದ ಹಳ್ಳ ಬರೆದು, ಅದರ ದಂಡೆಯಲ್ಲಿ ಫಲವತ್ತಾದ ನೆಲದಲ್ಲಿ ಮಾತ್ರ ಬೆಳೆಯುವ ಮರಗಳನ್ನು ತೋರಿಸಿ ದೂರದ ಊರುಗಳಲ್ಲಿ ಮಾರಿದರು.

ಈಗ ಮೂಲ ಪ್ರಶ್ನೆಗೆ ಕಾನೂನಿನ ಪಾಲು. ಇಬ್ಬರ ಹತ್ತಿರವೂ ಪೇಟೆಂಟ್ ಇದ್ದರೆ ಗೆಲ್ಲುವವರು ಯಾರು? ಉತ್ತರ ನೀವು ಯಾವ ಕೋರ್ಟಿನ ಬಾಗಿಲಿಗೆ ಹೋದಿರಿ ಅನ್ನುವುದರ ಮೇಲಿತ್ತು. ಸಾಮಾನ್ಯ ಕಾನೂನಿನ ಕೋರ್ಟಿನಲ್ಲಿ ಹಳೆಯ ಪೇಟೆಂಟ್ ಗೆಲ್ಲುತ್ತದೆ. ಚಾನ್ಸರಿ ಕೋರ್ಟಿಗೆ, ಅಂದರೆ ಕಟ್ಟುನಿಟ್ಟಾದ ಕಾನೂನಿಗಿಂತ ನ್ಯಾಯ ಯಾರ ಕಡೆ ಎಂದು ನೋಡುವ ಕೋರ್ಟಿಗೆ ಹೋದರೆ, ಹಳೆಯ ಮತ್ತು ಸ್ಪಷ್ಟವಾದ ಎಂಟ್ರಿ ಗೆಲ್ಲುತ್ತದೆ, ಪೇಟೆಂಟ್ ತಡವಾಗಿ ಬಂದಿದ್ದರೂ. ಹಾಗಾಗಿ ಒಂದು ಕಡೆ ಗೆದ್ದು ಸಂಭ್ರಮಿಸಿದವನು ಇನ್ನೊಂದು ಕಡೆ ಅದೇ ಹೊಲ ಬಿಟ್ಟುಕೊಡಬೇಕಾಗುತ್ತಿತ್ತು.

ಹಳೆಯ ತೀರ್ಪುಗಳ ಹೆಸರಿನಲ್ಲಿ 'ಇಂಥವರ ಗೇಣಿದಾರ ವಿರುದ್ಧ ಇಂಥವರು' ಅಂತ ಇರುತ್ತದಲ್ಲ, ಅದರ ಗುಟ್ಟೂ ಇಲ್ಲೇ ಇದೆ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಮಾಲೀಕನಿಗಿದ್ದ ದಾವೆಗಳು ವಿಪರೀತ ನಿಧಾನ. ಬೇಗ ಮುಗಿಯುವ ತೆರವಿನ ದಾವೆ ಗೇಣಿದಾರನಿಗೆ ಮಾತ್ರ. ಅದಕ್ಕೆ ಮಾಲೀಕ ಜಾನ್ ಡೋ ಎಂಬ ಇಲ್ಲದ ವ್ಯಕ್ತಿಗೆ ಗೇಣಿ ಕೊಟ್ಟಂತೆ, ರಿಚರ್ಡ್ ರೋ ಎಂಬ ಇನ್ನೊಬ್ಬ ಇಲ್ಲದ ವ್ಯಕ್ತಿ ಅವನನ್ನು ಹೊರದಬ್ಬಿದಂತೆ ಬರೆಯುತ್ತಿದ್ದರು. ನಿಜವಾಗಿ ಹೊಲದಲ್ಲಿರುವವನು ಬಂದು ವಾದಿಸಬೇಕಾದರೆ ಈ ಕಲ್ಪನೆಯನ್ನು ಒಪ್ಪಿಕೊಳ್ಳಲೇಬೇಕು. ಇದರಿಂದ ಆದ ದೊಡ್ಡ ಅನಾಹುತ ಏನೆಂದರೆ, ಸೋತವನು ಇನ್ನೊಬ್ಬ ಕಾಲ್ಪನಿಕ ಗೇಣಿದಾರನನ್ನು ಹುಟ್ಟಿಸಿ ಮತ್ತೆ ದಾವೆ ಹೂಡಬಹುದಿತ್ತು. ಒಂದು ತೀರ್ಪಿಗೆ ಜಗಳ ಮುಗಿಯುತ್ತಿರಲಿಲ್ಲ.

ಓಹಿಯೋಕಣಿವೆ

ತೆರವಿನ ದಾವೆಯ ಒಳ್ಳೆಯ ಉದಾಹರಣೆ ಜಾರ್ಜ್ ವಾಷಿಂಗ್ಟನ್‌ನದ್ದೇ. ಪೆನ್ಸಿಲ್ವೇನಿಯಾದ ನೈಋತ್ಯ ಮೂಲೆಯಲ್ಲಿ, ಮಿಲ್ಲರ್ಸ್ ರನ್ ಎಂಬ ಹಳ್ಳದ ಮೇಲೆ 2,813 ಎಕರೆ.

ಹಕ್ಕಿನ ಬುಡ 1763ರ ರಾಜ ಘೋಷಣೆ. ಅದು ಅಪಲಾಚಿಯನ್ ಬೆಟ್ಟಗಳ ಪಶ್ಚಿಮಕ್ಕೆ ನೆಲೆಸುವುದನ್ನು ನಿಷೇಧಿಸಿತು. ಅದೇ ಘೋಷಣೆ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ದುಡಿದವರಿಗೆ ಜಮೀನನ್ನೂ ಕೊಟ್ಟಿತು: ಕ್ಯಾಪ್ಟನ್‌ಗೆ 3,000 ಎಕರೆ, ಸಾಮಾನ್ಯ ಸಿಪಾಯಿಗೆ 50. ಕ್ಯಾಪ್ಟನ್ ಜಾನ್ ಪೋಸಿ ಎಂಬ ಸಾಲಗಾರ ನೆರೆಯವನ 3,000 ಎಕರೆಯ ಹಕ್ಕನ್ನು ವಾಷಿಂಗ್ಟನ್ ಕೊಂಡ. ನಿಷೇಧ ತಾತ್ಕಾಲಿಕ, ಈಗಲೇ ಒಳ್ಳೆಯ ಜಾಗ ಗುರುತಿಸಿಡು ಅಂತ 1767ರಲ್ಲೇ ಸರ್ವೇಯರ್ ವಿಲಿಯಂ ಕ್ರಾಫರ್ಡ್‌ಗೆ ಪತ್ರ ಬರೆದಿದ್ದ. ಕ್ರಾಫರ್ಡ್ 1771ರಲ್ಲಿ ಅಳೆದ. ಪೇಟೆಂಟ್ ಬಂದದ್ದು 1774ರಲ್ಲಿ, ಅದೂ ವರ್ಜೀನಿಯಾದಿಂದ. (ಆಗ ಆ ಮೂಲೆ ತನ್ನದೆಂದು ವರ್ಜೀನಿಯಾವೂ ಹೇಳುತ್ತಿತ್ತು.)

ಈ ನಡುವೆ 1773ರಲ್ಲಿ ಸ್ಕಾಚ್-ಐರಿಶ್ ಪ್ರೆಸ್ಬಿಟೇರಿಯನ್ ಕುಟುಂಬಗಳು ಬಂದು ಕಾಡು ಕಡಿದವು. ಸ್ವಾಧೀನ ತೋರಿಸಲು ಕ್ರಾಫರ್ಡ್ ಅಲ್ಲೊಂದು ಗುಡಿಸಲು ಕಟ್ಟಿಸಿ ಆಳು ಇಟ್ಟಿದ್ದ. ಬಂದವರು ಆ ಗುಡಿಸಲಿನ ಬಾಗಿಲು ತೆರೆಯಲೂ ಆಗದಷ್ಟು ಹತ್ತಿರ, ಎದುರಿಗೇ, ತಮ್ಮ ಮನೆ ಎಬ್ಬಿಸಿದರು. ಕಬ್ಜಾ ಎನ್ನುವುದನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸುವ ವಿವರ ಬೇರೊಂದು ಸಿಗುವುದು ಕಷ್ಟ.

1784ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ಖುದ್ದು ಹೋದ. ಎಕರೆಗೆ 25 ಶಿಲ್ಲಿಂಗ್, ಮೂರು ವಾರ್ಷಿಕ ಕಂತು, ಬಡ್ಡಿ ಸೇರಿಸಿ. ಇಲ್ಲವಾದರೆ 100 ಎಕರೆಗೆ ವರ್ಷಕ್ಕೆ 10 ಪೌಂಡ್ ಗೇಣಿಯ ಮೇಲೆ 999 ವರ್ಷದ ಕರಾರು. ಅವರು ಎರಡನ್ನೂ ಒಪ್ಪದೆ ಕೋರ್ಟಿನಲ್ಲೇ ನೋಡೋಣ ಅಂದರು. ಅವರ ಪರ ಹ್ಯೂ ಹೆನ್ರಿ ಬ್ರಾಕೆನ್‌ರಿಜ್, ಇವನ ಪರ ಥಾಮಸ್ ಸ್ಮಿತ್. 1786ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಥಾಮಸ್ ಮೆಕ್‌ಕೀನ್ ಮುಂದೆ ವಿಚಾರಣೆ ನಡೆದು ವಾಷಿಂಗ್ಟನ್ ಗೆದ್ದ. ಕುಟುಂಬಗಳು ಹೊರಟುಹೋದವು. 1796ರಲ್ಲಿ ಆ ಜಮೀನು 12,000 ಡಾಲರಿಗೆ ಮಾರಾಟವಾಯಿತು.

ನನ್ನ ಅಭಿಪ್ರಾಯ ಹೇಳುತ್ತೇನೆ: ಕಾಗದದ ಕ್ರಮ ನೋಡಿದರೆ ತೀರ್ಪು ಸರಿ. ಆದರೆ ಹದಿಮೂರು ವರ್ಷ ಮರ ಕಡಿದು, ಬೇರು ಕಿತ್ತು, ಹೊಲ ಮಾಡಿದವರಿಗೆ ಆ ಶ್ರಮದ ಬೆಲೆ ಸಿಗುವ ದಾರಿಯೇ ಇರಲಿಲ್ಲ ಎಂಬುದು ಅನ್ಯಾಯ.

ಮಸೂದೆಓದುಗ

ಆ ಅನ್ಯಾಯ ಸರಿಪಡಿಸಲು ಕೆಂಟಕಿ 1797ರಲ್ಲಿ ಕಾಯಿದೆ ಮಾಡಿತು. ಪ್ರಾಮಾಣಿಕವಾಗಿ ತನ್ನದೆಂದು ನಂಬಿ ಉಳುಮೆ ಮಾಡಿದವನು ಸೋತರೂ, ದಾವೆಗೆ ಮುಂಚಿನ ಗೇಣಿ ಕೊಡಬೇಕಿಲ್ಲ. ಅವನು ಮಾಡಿದ ಸುಧಾರಣೆಯ ಬೆಲೆಯನ್ನು ಗೆದ್ದವನು ತುಂಬಬೇಕು. 1812ರಲ್ಲಿ ಇನ್ನೂ ಬಿಗಿ ಮಾಡಿದರು. 1823ರಲ್ಲಿ ಗ್ರೀನ್ ವಿರುದ್ಧ ಬಿಡ್ಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಹೊಡೆದುಹಾಕಿತು: ಕೆಂಟಕಿ ಬೇರೆಯಾಗುವಾಗ ವರ್ಜೀನಿಯಾದ ಹಕ್ಕುಪತ್ರಗಳನ್ನು ಕಾಪಾಡುತ್ತೇವೆಂದು ಮಾಡಿಕೊಂಡ ಒಪ್ಪಂದಕ್ಕೆ ಇದು ವಿರುದ್ಧ ಅಂತ.

ಕೆಂಟಕಿಗೆ ದಾರಿ ಮಾಡಿಕೊಟ್ಟ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಇದೇ ಸುಳಿಯಲ್ಲಿ ಜಮೀನು ಕಳೆದುಕೊಂಡು 1799ರಲ್ಲಿ ಸ್ಪೇನಿನ ಆಳ್ವಿಕೆಯ ಮಿಸೌರಿಗೆ ಹೋದ. ಅಬ್ರಹಾಂ ಲಿಂಕನ್ ತಂದೆ 1816ರಲ್ಲಿ ಕೆಂಟಕಿ ಬಿಟ್ಟದ್ದಕ್ಕೂ ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಡಕು.

ಬಾಂದುಕಲ್ಲು

ಚೆಕ್ಕುಬಂದಿಯವರ ವಿವರಣೆ ಕೆಂಟಕಿಗೆ ಸರಿ. ಆದರೆ ಎಲ್ಲವನ್ನೂ ಎಂಟ್ರಿ ಪುಸ್ತಕದ ಮೇಲೆ ಹೊರಿಸಬೇಡಿ. ಎಷ್ಟೋ ಕಡೆ ಮಂಜೂರು ಮಾಡುವ ಸರ್ಕಾರಗಳೇ ಎರಡು.

ಸಸ್ಕ್ವೆಹಾನಾ ನದಿಯ ವಯೋಮಿಂಗ್ ಕಣಿವೆ ತೆಗೆದುಕೊಳ್ಳಿ. (ಈಗಿನ ವಯೋಮಿಂಗ್ ರಾಜ್ಯ ಅಲ್ಲ, ಪೆನ್ಸಿಲ್ವೇನಿಯಾದ ಈಶಾನ್ಯ.) ಇಂಗ್ಲೆಂಡಿನ ರಾಜನ 1662ರ ಸನ್ನದು ಕನೆಕ್ಟಿಕಟ್‌ಗೆ ಪಶ್ಚಿಮ ಸಮುದ್ರದವರೆಗೂ ನೆಲ ಬರೆದುಕೊಟ್ಟಿತ್ತು. 1681ರ ಸನ್ನದು ಅದೇ ಪಟ್ಟಿಯ ಒಂದು ಭಾಗವನ್ನು ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್‌ಗೆ ಕೊಟ್ಟಿತು. 1754ರಲ್ಲಿ ಆಲ್ಬನಿಯಲ್ಲಿ ಮೂಲನಿವಾಸಿಗಳಾದ ಇರೊಕ್ವಾ ಮುಖಂಡರು ಸೇರಿದಾಗ ಎರಡೂ ಕಡೆಯವರು ಅವರಿಂದ ಖರೀದಿಪತ್ರ ಮಾಡಿಸಿಕೊಂಡರು. 1769ರಿಂದ ಬಂದೂಕಿನ ಜಗಳ. 1782ರ ಡಿಸೆಂಬರ್ 30ರಂದು ಟ್ರೆಂಟನ್‌ನಲ್ಲಿ ಕೂತ ನ್ಯಾಯಮಂಡಳಿ ಆಳ್ವಿಕೆ ಪೆನ್ಸಿಲ್ವೇನಿಯಾದ್ದು ಎಂದು ತೀರ್ಪು ಕೊಟ್ಟಿತು. ಹೊಲ ಯಾರದ್ದು ಅನ್ನುವುದನ್ನು ಮಾತ್ರ ಮುಟ್ಟಲಿಲ್ಲ. ಮುಂದಿನ ರಕ್ತಪಾತಕ್ಕೆ ಕಾರಣ ಈ ಬಿಟ್ಟುಹೋದ ಭಾಗವೇ. 1787ರಲ್ಲಿ ಹಕ್ಕು ಖಾಯಂ ಮಾಡುವ ಕಾಯಿದೆ ತಂದು 1790ರಲ್ಲಿ ವಾಪಸು ತೆಗೆದುಕೊಂಡರು. ಕೊನೆಗೆ 1799ರ ರಾಜಿ ಕಾಯಿದೆ ಕೆಲಸ ಮಾಡಿತು. ಅದರ ಜಾಣತನ ನೋಡಿ: ಜಮೀನನ್ನು ಗುಣದ ಮೇಲೆ ನಾಲ್ಕು ದರ್ಜೆ ಮಾಡಿ, ಕನೆಕ್ಟಿಕಟ್‌ನಿಂದ ಬಂದವರು ಎಕರೆಗೆ 2 ಡಾಲರ್, 1.20 ಡಾಲರ್, 50 ಸೆಂಟ್, 8⅓ ಸೆಂಟ್ ಕಟ್ಟಿ ಪೆನ್ಸಿಲ್ವೇನಿಯಾದ ಪತ್ರ ಪಡೆಯಬಹುದು. ಅದೇ ನೆಲದ ಪೆನ್ಸಿಲ್ವೇನಿಯಾ ಹಕ್ಕುದಾರರಿಗೆ ಸರ್ಕಾರವೇ ಪರಿಹಾರ ಕೊಡುತ್ತದೆ.

ವೆರ್ಮಾಂಟ್‌ದೂ ಇದೇ ಜಾತಿ. ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಬೆನಿಂಗ್ ವೆಂಟ್‌ವರ್ತ್ 1749ರಿಂದ ಆರು ಮೈಲಿ ಚೌಕದ ಊರುಗಳನ್ನು ಹಂಚುತ್ತ, ಪ್ರತಿ ಊರಿನಲ್ಲೂ ತನಗೆ 500 ಎಕರೆ ಇಟ್ಟುಕೊಂಡ. 1764ರಲ್ಲಿ ರಾಜ ಅದು ನ್ಯೂಯಾರ್ಕ್‌ನದ್ದು ಅಂದ. ನ್ಯೂಯಾರ್ಕ್ ಅದೇ ನೆಲವನ್ನು ಮತ್ತೆ ಮಾರಿತು. 1770ರಲ್ಲಿ ಆಲ್ಬನಿಯ ಕೋರ್ಟು ವೆಂಟ್‌ವರ್ತ್ ಪತ್ರಗಳನ್ನು ಸಾಕ್ಷಿಯಾಗಿಯೂ ಒಪ್ಪಲಿಲ್ಲ. ಈಥನ್ ಆಲನ್ ಕಟ್ಟಿದ ಹಸಿರು ಬೆಟ್ಟದ ಪಡೆ ಹುಟ್ಟಿದ್ದು ಅಲ್ಲಿಂದ. 1790ರಲ್ಲಿ ವೆರ್ಮಾಂಟ್ 30,000 ಡಾಲರ್ ಕೊಟ್ಟು ಬಿಡುಗಡೆ ಪಡೆಯಿತು.

ತುಂಗಾತೀರ

ಇಷ್ಟೆಲ್ಲ ಆದರೂ ಆ ನೆಲದಲ್ಲಿ ಮೊದಲೇ ಇದ್ದ ಜನರ ಹಕ್ಕಿನ ಮಾತು ಬರಲೇ ಇಲ್ಲ. ಅವರಿಂದ ಕೊಂಡದ್ದು ಹೇಗೆ?

ಓಹಿಯೋಕಣಿವೆ

ಕೇಳಬೇಕಾದ ಪ್ರಶ್ನೆ ಕೇಳಿದಿರಿ. ಇಡೀ ಕಟ್ಟಡದ ಬುನಾದಿಯೇ ಅಲ್ಲಿ ಅಲುಗಾಡುತ್ತದೆ. ಅಲ್ಲಿ ನಡೆದದ್ದು ಎರಡು ಬಗೆ: ಅಳತೆಯಲ್ಲಿ ಮೋಸ, ಮಾರುವವರನ್ನು ಆರಿಸುವುದರಲ್ಲಿ ಮೋಸ.

ಅಳತೆಯ ಮೋಸಕ್ಕೆ 1737ರ ನಡಿಗೆಯ ಖರೀದಿ. 1686ರ ಹಳೆಯ ಒಪ್ಪಂದದ ನಕಲು ಅಂತ ಒಂದು ಕಾಗದ ತೋರಿಸಿ, ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ದೂರದ ನೆಲ ನಮ್ಮದು ಎಂದು ಪೆನ್ ಮನೆತನ ಲೆನಾಪೆ ಜನರನ್ನು ಒಪ್ಪಿಸಿತು. ಲೆನಾಪೆಗಳ ಎಣಿಕೆ ಸಾಮಾನ್ಯ ನಡಿಗೆ. ನಡುನಡುವೆ ಕೂತು, ಉಂಡು, ಹೊಳೆಯ ದಂಡೆ ಹಿಡಿದು. ಪೆನ್‌ಗಳು ಮುಂಚೆಯೇ ದಾರಿ ಸವರಿಸಿ ಮೂವರು ಗಟ್ಟಿ ನಡಿಗೆಯವರನ್ನು ಗೊತ್ತು ಮಾಡಿದರು. ಸೆಪ್ಟೆಂಬರ್ 19ರ ಬೆಳಗ್ಗೆ ರೈಟ್ಸ್‌ಟೌನ್‌ನಿಂದ ಹೊರಟರು. ಇಬ್ಬರು ಕೈಬಿಟ್ಟರು, ಎಡ್ವರ್ಡ್ ಮಾರ್ಷಲ್ ಅರುವತ್ತು ಮೈಲಿಗೂ ಮೀರಿ ಹೋದ. ದೊಡ್ಡ ಮೋಸ ಆಮೇಲೆ: ಅವನು ನಿಂತಲ್ಲಿಂದ ಡೆಲಾವೇರ್ ನದಿಗೆ ಹತ್ತಿರದ ಗೆರೆ ಎಳೆಯದೆ, ಓರೆಯಾಗಿ ಈಶಾನ್ಯಕ್ಕೆ ಎಳೆದರು. ಸಿಕ್ಕಿದ್ದು ಸುಮಾರು 1,200 ಚದರ ಮೈಲಿ.

ಎರಡನೆಯ ಬಗೆಗೆ 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದ. ಓಹಿಯೋದ ದಕ್ಷಿಣದ ನೆಲದಲ್ಲಿ ಬೇಟೆಯಾಡಿ ಬದುಕುತ್ತಿದ್ದವರು ಶಾನೀ, ಚೆರೋಕಿ ಜನ. ಅದನ್ನು ಬರೆದುಕೊಟ್ಟವರು ದೂರದ ಇರೊಕ್ವಾ ಒಕ್ಕೂಟ, ಬೆಲೆ 10,000 ಪೌಂಡಿಗೆ ಸ್ವಲ್ಪ ಹೆಚ್ಚು. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಸಿಕಮೋರ್ ಶೋಲ್ಸ್‌ನಲ್ಲಿ ಚೆರೋಕಿ ಹಿರಿಯರಿಂದ ಸುಮಾರು 2 ಕೋಟಿ ಎಕರೆಯನ್ನು 10,000 ಪೌಂಡಿನ ಸರಕಿಗೆ ಬರೆಸಿಕೊಂಡ. ಡ್ರ್ಯಾಗಿಂಗ್ ಕನೂ ಎಂಬ ಯುವ ಮುಖಂಡ ಒಪ್ಪದೆ ಎದ್ದು ಹೋದ. ಅಂಥ ಖಾಸಗಿ ಖರೀದಿ 1763ರ ಘೋಷಣೆಯ ಪ್ರಕಾರವೇ ಅಕ್ರಮ. 1778ರಲ್ಲಿ ವರ್ಜೀನಿಯಾ ಅದನ್ನು ರದ್ದು ಮಾಡಿ ಹೆಂಡರ್ಸನ್ ಕಂಪನಿಗೆ 2 ಲಕ್ಷ ಎಕರೆ ಕೊಟ್ಟು ಸಮಾಧಾನ ಮಾಡಿತು. ಚೆರೋಕಿಗಳಿಗೆ ನೆಲ ವಾಪಸು ಹೋಗಲಿಲ್ಲ.

ಮಸೂದೆಓದುಗ

ಇಲ್ಲಿ ಭಾರತದ ಕೊಂಡಿಯೊಂದಿದೆ. 1757ರ ಡಿಸೆಂಬರ್‌ನಲ್ಲಿ, ಪ್ಲಾಸಿ ಕದನ ಮುಗಿದ ವರ್ಷವೇ, ಬ್ರಿಟಿಷ್ ಅಟಾರ್ನಿ ಜನರಲ್ ಪ್ರ್ಯಾಟ್ ಮತ್ತು ಸಾಲಿಸಿಟರ್ ಜನರಲ್ ಯಾರ್ಕ್ ಈಸ್ಟ್ ಇಂಡಿಯಾ ಕಂಪನಿಗೆ ಒಂದು ಅಭಿಪ್ರಾಯ ಕೊಟ್ಟರು: ಮೊಘಲ್ ದೊರೆಯಿಂದಲೋ ಭಾರತದ ರಾಜರಿಂದಲೋ ಒಪ್ಪಂದದ ಮೂಲಕ ಪಡೆದ ನೆಲಕ್ಕೆ ಬ್ರಿಟಿಷ್ ರಾಜನ ಪ್ರತ್ಯೇಕ ಮಂಜೂರಾತಿ ಬೇಕಿಲ್ಲ. ಅಮೆರಿಕದ ಭೂ ವ್ಯಾಪಾರಿಗಳ ಕೈಗೆ ಬಂದ ನಕಲಿನಲ್ಲಿ ಮೊಘಲ್ ಎಂಬ ಮಾತು ಮಾಯವಾಗಿತ್ತು. ಉಳಿದದ್ದು ಇಂಡಿಯನ್ ರಾಜರು ಎಂಬ ಪದ. ಅದನ್ನು ಅಮೆರಿಕದ ಮೂಲನಿವಾಸಿಗಳಿಗೆ ಹೊಂದಿಸಿಬಿಟ್ಟರು.

ವಿಲಿಯಂ ಮರ್ರಿ ಈ ಕಾಗದ ಹಿಡಿದು 1773ರಲ್ಲಿ ಕಾಸ್ಕಾಸ್ಕಿಯಾದಲ್ಲಿ ಇಲಿನಾಯ್ ಜನರಿಂದ ಖರೀದಿ ಮಾಡಿದ. 1775ರಲ್ಲಿ ಅದೇ ಬಳಗದ ಇನ್ನೊಂದು ಕಂಪನಿ ವಬಾಶ್ ನದಿಯ ಬಳಿ ಕೊಂಡಿತು. ಈ ಎರಡು ಖರೀದಿಗಳ ವಾರಸುದಾರರೇ 1823ರಲ್ಲಿ ಜಾನ್ಸನ್ ವಿರುದ್ಧ ಮ್ಯಾಕಿಂಟಾಶ್ ಪ್ರಕರಣದಲ್ಲಿ ಸೋತವರು. ಮೂಲನಿವಾಸಿಗಳಿಂದ ನೆಲ ಕೊಳ್ಳುವ ಅಧಿಕಾರ ಸರ್ಕಾರಕ್ಕೆ ಮಾತ್ರ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಬರೆದ. ಕಂಪನಿಗಳ ಆಸೆ ಮುರಿದದ್ದು ಒಳ್ಳೆಯದೇ. ಆದರೆ ಆ ತೀರ್ಪು ನೆಲದ ಜನರಿಗೆ ಒಬ್ಬನೇ ಗಿರಾಕಿಯನ್ನು ಉಳಿಸಿತು, ಅವನು ಹೇಳಿದ್ದೇ ದರ.

ಬಾಂದುಕಲ್ಲು

ದುಡ್ಡಿನ ಕಡೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಳುಗಿದವರಲ್ಲಿ ಸಣ್ಣವರು ಮಾತ್ರ ಇರಲಿಲ್ಲ. ಆ ಕಾಲದ ಸೂತ್ರ: ಬೆಲೆ ಬಿದ್ದ ಸರ್ಕಾರಿ ಸಾಲಪತ್ರ ಅಗ್ಗಕ್ಕೆ ಕೊಂಡು, ಅದನ್ನೇ ಮುಖಬೆಲೆಗೆ ಕೊಟ್ಟು ಜಮೀನು ಪಡೆಯುವುದು. 1788ರಲ್ಲಿ ಫೆಲ್ಪ್ಸ್ ಮತ್ತು ಗೋರಂ ಮ್ಯಾಸಚೂಸೆಟ್ಸ್‌ನಿಂದ ನ್ಯೂಯಾರ್ಕ್ ಪಶ್ಚಿಮದ ಸುಮಾರು 60 ಲಕ್ಷ ಎಕರೆಯ ಖರೀದಿ ಹಕ್ಕನ್ನು 10 ಲಕ್ಷ ಡಾಲರ್ ಮುಖಬೆಲೆಯ ಪತ್ರಕ್ಕೆ, ಕಂತಿನ ಮೇಲೆ ಒಪ್ಪಿಕೊಂಡರು. 1790ರಲ್ಲಿ ರಾಜ್ಯಗಳ ಸಾಲವನ್ನು ಕೇಂದ್ರವೇ ಹೊರುತ್ತದೆ ಎಂಬ, ಖಜಾನೆ ಮಂತ್ರಿ ಹ್ಯಾಮಿಲ್ಟನ್‌ನ ಯೋಜನೆ ಪಾಸಾಯಿತು. ಸಾಲಪತ್ರದ ಬೆಲೆ ಜಿಗಿಯಿತು, ಮುಂದಿನ ಕಂತು ಕಟ್ಟಲಾಗಲಿಲ್ಲ. ಜಮೀನಿನ ಬೆಲೆ ಬಿದ್ದದ್ದರಿಂದಲ್ಲ, ಕೊಡಬೇಕಾದ ಕಾಗದದ ಬೆಲೆ ಏರಿದ್ದರಿಂದ ಕೆಟ್ಟರು.

ರಾಬರ್ಟ್ ಮಾರಿಸ್, ಕ್ರಾಂತಿಯ ಖಜಾನೆ ನಡೆಸಿದವನು, 1795ರಲ್ಲಿ ನಿಕಲ್ಸನ್, ಗ್ರೀನ್‌ಲೀಫ್ ಜೊತೆ ಸುಮಾರು 60 ಲಕ್ಷ ಎಕರೆಯ ಮೇಲೆ ನಾರ್ತ್ ಅಮೆರಿಕನ್ ಲ್ಯಾಂಡ್ ಕಂಪನಿ ಕಟ್ಟಿದ. 100 ಡಾಲರಿನ 30,000 ಷೇರು, ವರ್ಷಕ್ಕೆ ನೂರಕ್ಕೆ 6ರ ಖಾತ್ರಿ. ಮಾರುವ ಜಮೀನಿಗೆ ಗಿರಾಕಿ ಇಲ್ಲದೆ ಖಾತ್ರಿ ಎಲ್ಲಿಂದ ಕೊಡುವುದು? 1798ರ ಫೆಬ್ರವರಿಯಿಂದ 1801ರ ಆಗಸ್ಟ್‌ವರೆಗೆ ಫಿಲಡೆಲ್ಫಿಯಾದ ಪ್ರೂನ್ ಬೀದಿಯ ಸಾಲಗಾರರ ಜೈಲಿನಲ್ಲಿದ್ದ.

ಯಾಝೂ ಹಗರಣ ಎಲ್ಲರಿಗೂ ಗೊತ್ತಿರುವಂಥದ್ದು, ಚುಟುಕಾಗಿ: 1795ರ ಜನವರಿ 7ಕ್ಕೆ ಜಾರ್ಜಿಯಾ ಸುಮಾರು 3.5 ಕೋಟಿ ಎಕರೆಯನ್ನು 5 ಲಕ್ಷ ಡಾಲರಿಗೆ ನಾಲ್ಕು ಕಂಪನಿಗಳಿಗೆ ಮಾರಿತು, ಎಕರೆಗೆ ಒಂದೂವರೆ ಸೆಂಟ್. ವೋಟು ಹಾಕಿದ ಶಾಸಕರಿಗೇ ಪಾಲು. 1796ರ ಫೆಬ್ರವರಿ 13ಕ್ಕೆ ಹೊಸ ಶಾಸನಸಭೆ ಮಾರಾಟ ರದ್ದು ಮಾಡಿತು. ಅದೇ ದಿನ ನ್ಯೂ ಇಂಗ್ಲೆಂಡಿನ ಗುಂಪೊಂದು 1.1 ಕೋಟಿ ಎಕರೆಯನ್ನು 11 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. 1810ರಲ್ಲಿ ಫ್ಲೆಚರ್ ವಿರುದ್ಧ ಪೆಕ್ ತೀರ್ಪು ರದ್ದತಿಯೇ ಅಸಾಂವಿಧಾನಿಕ ಅಂದಿತು.

ತುಂಗಾತೀರ

1785ರ ಚೌಕಳಿ ಸರ್ವೆ ಬಂದಮೇಲೆ ಈ ರೋಗ ವಾಸಿಯಾಯಿತಾ? ಇನ್ನೊಂದು: ಕೆಂಟಕಿಯ ಕಡೆ ಮೂಲೆಯ ಮರವೇ ಬಿದ್ದುಹೋಗಿದ್ದರೆ ಕೋರ್ಟು ಏನು ಮಾಡುತ್ತಿತ್ತು?

ಕೊಂಡಿಸರಪಳಿ

ಬಹುಪಾಲು ವಾಸಿಯಾಯಿತು. 1785ರ ಮೇ 20ರ ಕಾಯಿದೆಯ ಮುಖ್ಯ ಬದಲಾವಣೆ ಕ್ರಮದ್ದು: ಮೊದಲು ಸರ್ಕಾರದ ಖರ್ಚಿನಲ್ಲಿ ಅಳತೆ, ಆಮೇಲೆ ಹರಾಜು. ಆರು ಮೈಲಿ ಚೌಕದ ಊರು, ಅದರಲ್ಲಿ 640 ಎಕರೆಯ 36 ಭಾಗ, 16ನೆಯದು ಶಾಲೆಗೆ, ಎಕರೆಗೆ ಕನಿಷ್ಠ 1 ಡಾಲರ್. ಭೂಮಿ ಗುಂಡಗಿರುವುದರಿಂದ ಉತ್ತರ ದಕ್ಷಿಣ ಗೆರೆಗಳು ಮೇಲಕ್ಕೆ ಹೋದಂತೆ ಹತ್ತಿರವಾಗುತ್ತವೆ, ಅಪ್ಪಟ ಚೌಕ ಅಸಾಧ್ಯ. ಆದರೆ ಅದು ಗೊತ್ತಿರುವ ತಪ್ಪು, ಹಂಚಿ ಸರಿಮಾಡಬಹುದು. ಓಹಿಯೋದಲ್ಲೇ ವರ್ಜೀನಿಯಾ ಸೈನಿಕರಿಗೆ ಬಿಟ್ಟ ಸಿಯೋಟೋ ಮತ್ತು ಲಿಟಲ್ ಮಯಾಮಿ ನಡುವಿನ ಪ್ರದೇಶದಲ್ಲಿ ಹಳೆಯ ವಾರಂಟ್ ಪದ್ಧತಿಯೇ ಮುಂದುವರಿಯಿತು, ವ್ಯಾಜ್ಯಗಳೂ ಮುಂದುವರಿದವು. ಪಕ್ಕದಲ್ಲೇ ಜಾನ್ ಕ್ಲೀವ್ಸ್ ಸಿಮ್ಸ್ 10 ಲಕ್ಷ ಎಕರೆಗೆ ಕರಾರು ಮಾಡಿ, 1794ರಲ್ಲಿ ಕೈಗೆ ಸಿಕ್ಕ ಪೇಟೆಂಟ್ 3,11,682 ಎಕರೆಗೆ ಮಾತ್ರವಾದರೂ, ಅದರ ಆಚೆಯ ಜಾಗವನ್ನೂ ಮಾರಿದ್ದ. ಪಾಪದ ಕೊಂಡವರಿಗೆ 1799ರಲ್ಲಿ ಕಾಂಗ್ರೆಸ್ ಬೇರೆ ಕಾಯಿದೆ ಮಾಡಬೇಕಾಯಿತು.

ಮರದ ವಿಚಾರ. ಪತ್ರದಲ್ಲಿನ ವಿವರಗಳು ಒಂದಕ್ಕೊಂದು ಹೊಂದದಿದ್ದರೆ ಯಾವುದಕ್ಕೆ ಹೆಚ್ಚು ಬೆಲೆ ಅನ್ನುವ ಕ್ರಮ ಇದೆ. ಹೊಳೆ, ಬಂಡೆಯಂಥ ನೈಸರ್ಗಿಕ ಗುರುತು, ಕೊಡಲಿ ಗುರುತಿನ ಮರ ಮೊದಲು. ಆಮೇಲೆ ದಿಕ್ಕು, ಉದ್ದ. ಎಕರೆಯ ಅಂಕೆ ಎಲ್ಲಕ್ಕಿಂತ ಕೊನೆಗೆ. ಎಕರೆ ಹೊಂದಿಸಲು ಮರವನ್ನು ಕಡೆಗಣಿಸುವಂತಿಲ್ಲ. ಮೂಲೆಯ ಮರ ಹೋಗಿದ್ದರೆ ಗೆರೆಯುದ್ದಕ್ಕೂ ಗುರುತು ಹಾಕಿದ ಬೇರೆ ಮರಗಳನ್ನು ಹುಡುಕಿ, ಆ ಎರಡು ಗೆರೆಗಳು ಕೂಡುವ ಜಾಗವನ್ನೇ ಮೂಲೆ ಅಂತ ಹಿಡಿಯುತ್ತಿದ್ದರು.

ಆ ಮರ ಯಾವ ಸರ್ವೆಯದು ಅಂತ ತೀರ್ಮಾನಿಸುವ ವಿಧಾನ ಸೊಗಸಾದದ್ದು. ಕೊಡಲಿ ಏಟು ತೊಗಟೆ ದಾಟಿ ಮರಕ್ಕೆ ತಾಗಿದ್ದರೆ ಮುಂದಿನ ವರ್ಷಗಳ ಬೆಳವಣಿಗೆ ಗಾಯವನ್ನು ಮುಚ್ಚುತ್ತ ಬರುತ್ತದೆ, ಹೊರಗೆ ಒಂದು ಗೀರು ಮಾತ್ರ ಕಾಣುತ್ತದೆ. ಆ ಗೀರಿನ ಮೇಲೆ ಕೆಳಗೆ ಗರಗಸ ಹಾಕಿ, ಗುರುತು ಇರುವ ಭಾಗವನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ತೆಗೆಯುತ್ತಾರೆ. ಸೀಳಿದರೆ ಒಳಗೆ ಹಳೆಯ ಏಟಿನ ಕಪ್ಪು ಮುಖ, ಅದರಿಂದಾಚೆ ತೊಗಟೆಯವರೆಗೆ ವರ್ಷಕ್ಕೊಂದರಂತೆ ಉಂಗುರ. 1815ರಲ್ಲಿ ಕತ್ತರಿಸಿದ ತುಂಡಿನಲ್ಲಿ 32 ಉಂಗುರ ಇದ್ದರೆ ಏಟು ಬಿದ್ದದ್ದು 1783ರಲ್ಲಿ. 20 ಇದ್ದರೆ ಅದು ಬೇರೆಯವನ ಗೆರೆ. ತುಂಡನ್ನು ಕೋರ್ಟಿಗೆ ತಂದು ಜ್ಯೂರಿಯ ಮುಂದಿಟ್ಟು ಎಣಿಸುತ್ತಿದ್ದರು. ಎಣಿಸುವಾಗ ತೊಗಟೆ ಕಳಚದಂತೆ ನೋಡಿಕೊಳ್ಳಬೇಕು. ಕೊನೆಯ ಉಂಗುರ ತೊಗಟೆಗೆ ಅಂಟಿಕೊಂಡು ಹೋದರೆ ಒಂದು ವರ್ಷ ತಪ್ಪುತ್ತದೆ, ಎರಡು ಸರ್ವೆಗಳ ನಡುವೆ ಒಂದೇ ವರ್ಷದ ಅಂತರ ಇದ್ದಲ್ಲಿ ಇಡೀ ಹೊಲ ಅದರ ಮೇಲೆ ನಿಂತಿರುತ್ತದೆ.